ಬಾರ್ಸಿಲೋನಾದಲ್ಲಿ ಕ್ರೆಮಾ ಕತಲಾನಾ ಎಲ್ಲಿ ತಿನ್ನಬೇಕು?

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



"ನೀವು ಸಾಫ್ಟ್‌ವೇರ್‌ನವರು, ಆನ್‌ಲೈನ್ ಮೋಸದ ಬಗ್ಗೆ ಮಾತಾಡಿ" ಅಂತ ಕಾರ್ಯದರ್ಶಿಯವರು ಹೇಳಿದ್ದರು. ಅದನ್ನು ಇನ್ನೊಂದು ಸಲ ಖಂಡಿತ ಮಾತಾಡೋಣ. ನಮ್ಮಲ್ಲಿ ಇಬ್ಬರು ಮೂವರು ಈ ರಜೆಗೆ ಸ್ಪೇನ್ ಪ್ರವಾಸ ಹೊರಟಿದ್ದೀರಿ ಅಂತ ವಾಟ್ಸಾಪ್ ಗುಂಪಿನಲ್ಲಿ ನೋಡಿದೆ. ಅದಕ್ಕೇ ಇವತ್ತು ಬಾರ್ಸಿಲೋನಾದ ಒಂದು ಸಿಹಿತಿಂಡಿಯ ಬಗ್ಗೆ ಹೇಳುತ್ತೇನೆ. ಅದರ ಹೆಸರು ಕ್ರೆಮಾ ಕತಲಾನಾ.

ಕಚೇರಿ ಕೆಲಸಕ್ಕೆಂದು ನಾನು ಅಲ್ಲಿ ಮೂರು ವಾರ ಇದ್ದೆ. ಮೊದಲ ಭಾನುವಾರ ಲಾ ರಾಂಬ್ಲಾ ಎಂಬ ದೊಡ್ಡ ಬೀದಿಯಲ್ಲಿ ಸುತ್ತಾಡಿ, ಬಾಗಿಲಲ್ಲಿ ತಿಂಡಿಗಳ ಬಣ್ಣದ ಫೋಟೋ ಹಾಕಿದ್ದ ಒಂದು ಹೋಟೆಲಿಗೆ ಹೋದೆ. ಬಂದ ಬಟ್ಟಲು ಫ್ರಿಜ್‌ನಿಂದ ನೇರವಾಗಿ ಬಂದದ್ದು. ಮೇಲಿನ ಸಕ್ಕರೆ ಪದರ ನೀರೊಡೆದು ಅಂಟಂಟಾಗಿತ್ತು. ಇಷ್ಟಕ್ಕೆ ಇಷ್ಟು ಯೂರೋ ಕೊಟ್ಟೆನಲ್ಲ ಅಂತ ಹೊಟ್ಟೆ ಉರಿಯಿತು.

ಮಾರನೆಯ ದಿನ ಊಟದ ಹೊತ್ತಿನಲ್ಲಿ ಅಲ್ಲಿನ ಸಹೋದ್ಯೋಗಿಗೆ ಹೇಳಿದೆ, "ನಿಮ್ಮ ಊರಿನ ಕ್ರೆಮ್ ಬ್ರೂಲೆ ತಿಂದೆ, ಅಷ್ಟೇನೂ ಚೆನ್ನಾಗಿರಲಿಲ್ಲ." ನನಗಿಂತ ಸ್ವಲ್ಪ ದೊಡ್ಡವಳು ಆಕೆ. ನಕ್ಕು, ಆದರೆ ಗಟ್ಟಿಯಾಗಿಯೇ ಹೇಳಿದಳು, "ನೀನು ತಿಂದದ್ದು ನಮ್ಮದಲ್ಲ. ಹೇಳಿದ ಹೆಸರೂ ನಮ್ಮದಲ್ಲ. ಸಂಜೆ ನನ್ನ ಜೊತೆ ಬಾ."

ಅವಳು ಕರೆದುಕೊಂಡು ಹೋದದ್ದು ಶುಕ್ಲಾ ಬೀದಿಯ ಗ್ರಾಂಜಾ ವಿಯಾದೆರ್‌ಗೆ. ರಾಂಬ್ಲಾದಿಂದ ಎರಡು ಹೆಜ್ಜೆ ಒಳಗೆ, ಗಲ್ಲಿಯಲ್ಲಿದೆ. 1870ರಿಂದ ನಡೆಯುತ್ತಿರುವ ಅಂಗಡಿ. ಗ್ರಾಂಜಾ ಅಂದರೆ ಅವರ ಭಾಷೆಯಲ್ಲಿ ಹಾಲು ಹೈನದ ತೋಟದ ಮನೆ. ಒಂದು ಕಾಲಕ್ಕೆ ಊರೊಳಗೇ ಹಾಲು, ಕೆನೆ, ಗಿಣ್ಣು ಮಾರುತ್ತಿದ್ದ ಇಂಥ ಅಂಗಡಿಗಳು, ಬರುಬರುತ್ತ ಕೂತು ಸಿಹಿ ತಿನ್ನುವ ಜಾಗಗಳಾದವು. ಕಕಾವೊಲಾತ್ ಎಂಬ ಬಾಟಲಿಯ ಚಾಕೊಲೇಟ್ ಹಾಲು ಅಲ್ಲಿ ಮನೆಮಾತು. ಅದು ಹುಟ್ಟಿದ್ದೂ ಇದೇ ವಿಯಾದೆರ್ ಮನೆತನದಿಂದ.

ಅಮೃತಶಿಲೆಯ ಮೇಜಿನ ಮೇಲೆ ಅಗಲವಾದ ತಟ್ಟೆ ಬಂತು. ಚಮಚದಿಂದ ತಟ್ಟಿದರೆ ಸಕ್ಕರೆ ಪದರ ಗಾಜಿನ ಹಾಗೆ ಚಟ್ ಅಂತ ಒಡೆಯಿತು. ಮೇಲಿನದು ಬೆಚ್ಚಗೆ, ತುಸು ಕಹಿ. ಕೆಳಗಿನದು ತಣ್ಣಗೆ, ನಿಂಬೆ ಮತ್ತು ಚಕ್ಕೆಯ ಪರಿಮಳ. ಆಮೇಲೆ ಆಕೆ ವ್ಯತ್ಯಾಸ ವಿವರಿಸಿದಳು.

ಫ್ರೆಂಚರ ಕ್ರೆಮ್ ಬ್ರೂಲೆಗೆ ಕೆನೆ ಮತ್ತು ವೆನಿಲ್ಲಾ ಬೇಕು, ಅದನ್ನು ಬಿಸಿನೀರಿನ ತಟ್ಟೆಯಲ್ಲಿಟ್ಟು ಓವನ್‌ನಲ್ಲಿ ಬೇಯಿಸುತ್ತಾರೆ. ಕತಲಾನ್ ಮನೆಗಳಲ್ಲಿ ಕೆನೆ ಇಲ್ಲ, ಹಾಲೇ ಸಾಕು. ಹಾಲಿಗೆ ನಿಂಬೆ ಸಿಪ್ಪೆ, ಚಕ್ಕೆ ಹಾಕಿ ಕಾಯಿಸಿ, ಮೊಟ್ಟೆಯ ಹಳದಿ, ಸಕ್ಕರೆ, ಕಾರ್ನ್‌ಫ್ಲೋರ್ ಸೇರಿಸಿ ಒಲೆಯ ಮೇಲೆಯೇ ಕೈಬಿಡದೆ ತಿರುವಬೇಕು. ಗಟ್ಟಿಯಾದ ಮೇಲೆ ಅಗಲವಾದ ಮಣ್ಣಿನ ಬಟ್ಟಲುಗಳಿಗೆ ಹಾಕಿ ತಣಿಸಬೇಕು. ಬಡಿಸುವ ಹೊತ್ತಿಗೆ ಸಕ್ಕರೆ ಉದುರಿಸಿ, ಉದ್ದ ಹಿಡಿಯ ಕಬ್ಬಿಣದ ಬಿಲ್ಲೆಯನ್ನು ಕೆಂಪಗೆ ಕಾಯಿಸಿ ಮೇಲೆ ಒತ್ತಬೇಕು. ಹೊಗೆ ಎದ್ದು ಮನೆಯೆಲ್ಲ ಸುಟ್ಟ ಸಕ್ಕರೆಯ ವಾಸನೆ. ಈಗ ಗ್ಯಾಸ್ ಟಾರ್ಚ್ ಬಳಸುವವರೂ ಇದ್ದಾರೆ. ಯಾವುದರಲ್ಲಿ ಸುಟ್ಟರೂ ತಿನ್ನುವ ಮುಂಚೆಯಷ್ಟೇ ಸುಡಬೇಕು. ಮೊದಲೇ ಸುಟ್ಟಿಟ್ಟರೆ ನನಗೆ ಸಿಕ್ಕಿದಂಥ ಅಂಟು.

ಮಾರ್ಚ್ 19, ಸಂತ ಜೋಸೆಫ್ ಹಬ್ಬದ ದಿನ ಇದನ್ನು ಮನೆಮನೆಯಲ್ಲಿ ಮಾಡುತ್ತಾರೆ. ಅದಕ್ಕೇ ಸಂತ ಜೋಸೆಫರ ಕ್ರೆಮಾ ಎಂದೂ ಕರೆಯುತ್ತಾರೆ, ಸುಟ್ಟ ಕ್ರೆಮಾ ಎಂದೂ ಹೇಳುತ್ತಾರೆ. ಮನೆಯಲ್ಲಾದರೆ ಬರೀ ಕ್ರೆಮಾ. ಧಾರವಾಡದವರು ಫೇಡೆ ಅಂದರೆ ಸಾಕಲ್ಲ, ಹಾಗೆ.

ಇನ್ನು ಎಲ್ಲೆಲ್ಲಿ ತಿನ್ನಬಹುದು? ವಿಯಾದೆರ್ ನನ್ನ ಮೊದಲ ಆಯ್ಕೆ. ಎರಡನೆಯದು ಪೆತ್ರಿಚೋಲ್ ಬೀದಿ. ಎರಡು ಕೈ ಚಾಚಿದರೆ ಗೋಡೆಗಳು ಸಿಗುತ್ತವೇನೋ ಅನ್ನಿಸುವಷ್ಟು ಕಿರಿದಾದ ಗಲ್ಲಿ ಅದು. ಅಲ್ಲಿ 1947ರ ಲಾ ಪಲ್ಯಾರೆಸಾದಲ್ಲಿ ಕ್ರೆಮಾ ತಿನ್ನಿ. ಪಕ್ಕದಲ್ಲೇ ಇರುವ 1941ರ ದುಲ್ಸಿನೆಯಾದಲ್ಲಿ ಚಮಚ ನಿಲ್ಲುವಷ್ಟು ಗಟ್ಟಿಯಾದ ಬಿಸಿ ಚಾಕೊಲೇಟ್ ಕುಡಿಯಿರಿ. ಮೂರನೆಯದು ಕಿಂತಾನಾ ಬೀದಿಯ ಕಾನ್ ಕುಯೆರೆತೆಸ್, 1786ರ ಹೋಟೆಲು. ಆ ಹೆಸರಿನ ಅರ್ಥ ಪುಟ್ಟ ಚಮಚಗಳು. ಹಿಂದೆ ಅಲ್ಲಿ ಸಿಹಿ ತಿನ್ನಲು ಎಷ್ಟು ಜನ ಬರುತ್ತಿದ್ದರೆಂದರೆ ಚಮಚಗಳೇ ಸಾಲದೆ, "ಹುಡುಗಿಯರೇ, ಚಮಚ!" ಅಂತ ಮಾಲೀಕ ಕೂಗುತ್ತಿದ್ದನಂತೆ. ಆ ಕೂಗೇ ಹೆಸರಾಯಿತು ಅನ್ನುತ್ತಾರೆ. ಸ್ವಲ್ಪ ಖರ್ಚು ಮಾಡಿ ಊಟವನ್ನೂ ಮಾಡುವುದಾದರೆ, ಬಂದರಿನ ಹತ್ತಿರ 1836ರ ಸೆತ್ ಪೋರ್ತೆಸ್ ಇದೆ. ಮೊದಲ ಮೂರನ್ನೂ ಒಂದೇ ಸಂಜೆ ನಡೆದು ನೋಡಬಹುದು. ಮಧ್ಯಾಹ್ನ ಬಾಗಿಲು ಹಾಕುವ ಅಂಗಡಿಗಳಿವೆ, ವೇಳೆ ನೋಡಿಕೊಂಡು ಹೋಗಿ.

ಮೊಟ್ಟೆ ತಿನ್ನದವರು ಗ್ರಾಂಜಾಗಳಲ್ಲಿ ಮೆಲ್ ಇ ಮಾತೊ ಕೇಳಿ. ಉಪ್ಪಿಲ್ಲದ ಮೆತ್ತನೆಯ ತಾಜಾ ಚೀಸು, ಮೇಲೆ ಜೇನುತುಪ್ಪ. ನಮ್ಮ ಪನೀರಿನ ತಂಗಿ ಅನ್ನಬಹುದು. ಹಾಲು ಒಡೆಸಲು ಪ್ರಾಣಿಮೂಲದ ರೆನ್ನೆಟ್ ಹಾಕುವುದೂ ಉಂಟು, ಕಟ್ಟುನಿಟ್ಟಿನವರು ಕೇಳಿ ತಿನ್ನಿ. ಕೇಳುವಾಗ ಕೊನೆಗೆ "ಸಿಸ್ ಪ್ಲಾವ್" ಅನ್ನಿ. ಕತಲಾನ್‌ನಲ್ಲಿ ದಯವಿಟ್ಟು ಅಂತ ಅರ್ಥ. ನಾನು ಅಂದಾಗ ಕೌಂಟರಿನ ಅಜ್ಜಿಯ ಮುಖ ಅರಳಿದ್ದನ್ನು ಕಣ್ಣಾರೆ ಕಂಡೆ.

ಆ ಮುಖ ಯಾಕೆ ಅರಳಿತು ಅಂತ ಸಹೋದ್ಯೋಗಿಯನ್ನು ಕೇಳಿದೆ. 1939ರಿಂದ 1975ರವರೆಗೆ ಫ್ರಾಂಕೋನ ಸರ್ವಾಧಿಕಾರ ಇತ್ತು. ಶಾಲೆಯಲ್ಲಿ, ಸರ್ಕಾರಿ ಕಚೇರಿಯಲ್ಲಿ ಕತಲಾನ್ ಭಾಷೆಗೆ ಜಾಗವಿರಲಿಲ್ಲ. "ನನ್ನ ಅಮ್ಮನಿಗೆ ಕತಲಾನ್ ಬರೆಯಲು ಶಾಲೆ ಕಲಿಸಲಿಲ್ಲ, ಮಾತು ಅಡುಗೆಮನೆಯಲ್ಲಿ ಉಳಿಯಿತು. ಅದಕ್ಕೇ ತಿಂಡಿಯ ಹೆಸರು ನಮಗೆ ಚಿಕ್ಕ ವಿಷಯವಲ್ಲ" ಅಂದಳು.

ನನಗೆ ಆಗ ತಿಂದದ್ದು ಗಂಟಲಲ್ಲೇ ನಿಂತಿತು. ನಾನು ಹಾಸನದವಳು. ಪುಣೆಗೆ ಬಂದು ಒಂಬತ್ತು ವರ್ಷ. ಪ್ರತಿ ಗುಡಿ ಪಾಡ್ವಕ್ಕೆ, ಅಂದರೆ ನಮ್ಮ ಯುಗಾದಿಗೆ, ಅಂಗಡಿಯಿಂದ ಪ್ಯಾಕೆಟ್ ತಂದು ಪಕ್ಕದ ಮನೆ ಕಾಕುಗೆ ಕೊಡುತ್ತಿದ್ದೆ. ಅವರು "ಪುರಣಪೋಳಿ ಕಾ?" ಅಂದರೆ "ಹೋ, ಹೋ" ಅಂತ ತಲೆಯಾಡಿಸುತ್ತಿದ್ದೆ. ಪುರಣಪೋಳಿ ಒಳ್ಳೆಯ ತಿಂಡಿಯೇ, ನನಗೂ ಇಷ್ಟ. ಆದರೆ ಕಡಲೆಬೇಳೆಯದು ಅವರದು, ನಮ್ಮಮ್ಮನದು ತೊಗರಿಬೇಳೆಯ ಒಬ್ಬಟ್ಟು, ಜೊತೆಗೆ ಒಬ್ಬಟ್ಟಿನ ಸಾರು. ನನ್ನ ಏಳು ವರ್ಷದ ಮಗಳಿಗೆ ಒಬ್ಬಟ್ಟು ಅನ್ನುವ ಪದವೇ ಗೊತ್ತಿರಲಿಲ್ಲ. ಅವಳಿಗೆ ಅದನ್ನು ಮರೆಸಿದ ಸರ್ವಾಧಿಕಾರಿ ಯಾರೂ ಇರಲಿಲ್ಲ. ನಾನೇ ಹೇಳಿಕೊಟ್ಟಿರಲಿಲ್ಲ, ಅಷ್ಟೆ.

ಈ ಯುಗಾದಿಗೆ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟು ಕಣಕ ಕಲಸಿದೆ. "ಇನ್ನೂ ಎಣ್ಣೆ ಹಾಕಮ್ಮ, ಜಿಪುಣತನ ಮಾಡಬೇಡ" ಅಂತ ಅಮ್ಮ ಗದರಿದರು. ಮೊದಲ ನಾಲ್ಕು ಹರಿದವು, ಐದನೆಯದು ಸುಮಾರಾಗಿ ಬಂತು. ಅದನ್ನು ಮಗಳ ಕೈಯಲ್ಲಿ ಕಾಕು ಮನೆಗೆ ಕಳಿಸಿದೆ. ಅವರು ಬಾಗಿಲಲ್ಲೇ "ಪುರಣಪೋಳಿ?" ಅಂದರಂತೆ. "ನಾಹೀ ಕಾಕು, ಒಬ್ಬಟ್ಟು" ಅಂದಳಂತೆ ಇವಳು. ಸಂಜೆ ಕಾಕು ಖಾಲಿ ಡಬ್ಬಿ ಹಿಡಿದು ಬಂದರು. ಆ ಸಾರು ಹೇಗೆ ಮಾಡೋದು, ಬರೆದುಕೊಡು ಅಂದರು.

ಬಾರ್ಸಿಲೋನಾಗೆ ಹೋಗುವವರು ಕ್ರೆಮಾವನ್ನು ಅದರ ಹೆಸರಿನಿಂದಲೇ ಕೇಳಿ ತಿನ್ನಿ. ಮರಳಿ ಬಂದ ಮೇಲೆ ನಿಮ್ಮ ಊರಿನ ಸಿಹಿಯನ್ನೂ ಅದರ ಹೆಸರಿನಿಂದಲೇ ಹಂಚಿ. ಮುಂದಿನ ಸಭೆಗೆ ನಾನು ಒಬ್ಬಟ್ಟು ತರುತ್ತೇನೆ. ಹರಿದಿದ್ದರೂ ತಿನ್ನಬೇಕು.