ನಮ್ಮ ಮನೆ ಯಾರ ಗಡಿಯಲ್ಲಿದೆ?
(ಘಣಸೋಲಿಯ ಕನ್ನಡ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



ಊರಿನಲ್ಲಿ ಗಡಿಯ ವಿಚಾರವನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಹೆಜಮಾಡಿಯ ಸೇತುವೆ ದಾಟಿದರೆ ಮೂಲ್ಕಿ. ನಡುವೆ ಶಾಂಭವಿ ಹೊಳೆ. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾದ ಮೇಲೆ ಅಲ್ಲಿ ಆ ಹೊಳೆಯೇ ಗಡಿಯಾಯಿತು. ಯಾವ ಕಾಗದಕ್ಕೆ ಯಾವ ದಡಕ್ಕೆ ಹೋಗಬೇಕೆಂಬುದು ಅಲ್ಲಿಯವರಿಗೆಲ್ಲ ಗೊತ್ತು. ಘಣಸೋಲಿಗೆ ಬಂದು ಎಷ್ಟೋ ವರ್ಷಗಳಾದರೂ ಇಲ್ಲಿಯ ಗಡಿ ಮಾತ್ರ ನಮ್ಮಲ್ಲಿ ಅನೇಕರಿಗೆ ತಿಳಿಯದು.

ನಮ್ಮ ಪಡುವಲಲ್ಲಿ ಠಾಣೆಯ ಖಾಡಿ. ಅದರಾಚೆ ಮುಂಬಯಿ ಪಾಲಿಕೆ. ಅದರ ಎಲ್ಲೆ ಮುಲುಂಡಿನವರೆಗೆ ಬೆಳೆದದ್ದು 1957ರಲ್ಲಿ. ಈಚೆ ದಡದಲ್ಲಿ ನವಿ ಮುಂಬಯಿ ಪಾಲಿಕೆ 1992ರ ಜನವರಿ 1ರಿಂದ ಕೆಲಸ ಮಾಡುತ್ತಿದೆ. ಬಡಗಲಲ್ಲಿ ದಿಘಾ ದಾಟಿ ವಿಟಾವಾಕ್ಕೆ ಕಾಲಿಟ್ಟರೆ ಅದು ಠಾಣೆ ಪಾಲಿಕೆ. ತೆಂಕಲಲ್ಲಿ ಬೇಲಾಪುರದ ಮುಂದಿನ ಸ್ಟೇಶನ್ ಖಾರ್ಘರ್‌ನಲ್ಲಿ ಇಳಿದರೆ ಜಿಲ್ಲೆಯೇ ಬೇರೆ, ರಾಯಗಡ. ಪಾಲಿಕೆ 2016ರಲ್ಲಿ ಆದ ಪನ್ವೇಲಿನದು. ಅಲ್ಲಿಯವರೂ ತಾವು ನವಿ ಮುಂಬಯಿಯವರೆಂದೇ ಹೇಳುತ್ತಾರೆ. ಹೆಸರು ದೊಡ್ಡದು, ಆ ಹೆಸರಿನ ಪಾಲಿಕೆ ಅಷ್ಟು ದೊಡ್ಡದಲ್ಲ.

ಘಣಸೋಲಿಯ ಒಳಗೂ ಯಜಮಾನರು ಒಬ್ಬರಲ್ಲ. ನಿವೇಶನಗಳನ್ನು ಗುತ್ತಿಗೆಗೆ ಕೊಟ್ಟದ್ದು 1970ರಲ್ಲಿ ಸ್ಥಾಪನೆಯಾದ ಸಿಡ್ಕೊ. ನಲ್ಲಿ ನೀರು, ಕಸ, ಮನೆಯ ತೆರಿಗೆ ಪಾಲಿಕೆಗೆ ಸೇರಿದ್ದು. ಠಾಣೆ-ಬೇಲಾಪುರ ರಸ್ತೆಯ ಮೂಡಲಿನ ಕಾರ್ಖಾನೆ ನೆಲ ಎಂ.ಐ.ಡಿ.ಸಿ.ಯದು. ಖಾಡಿಯ ಅಂಚಿನಲ್ಲಿ ಇನ್ನೊಂದು ಗೆರೆ ಇದೆ: ಉಬ್ಬರದ ನೀರು ಏರುವ ಗೆರೆ. 1991ರಿಂದ ಕೇಂದ್ರ ಸರಕಾರದ ಕರಾವಳಿ ನಿಯಮಗಳು ಅದನ್ನು ಹಿಡಿದೇ ಕಟ್ಟಡಗಳಿಗೆ ನಿರ್ಬಂಧ ಹಾಕಿವೆ. ಅಗ್ಗದ ಕೋಣೆ ಎಂದು ಮುಂಗಡ ಕೊಡುವ ಮುಂಚೆ ಅದು ಯಾವ ಗೆರೆಯೊಳಗಿದೆಯೆಂದು ಕೇಳಿರಿ. ಇಪ್ಪತ್ತು ವರ್ಷ ತಟ್ಟೆ ತೊಳೆದು ಕೂಡಿಟ್ಟ ಹಣ ಒಂದು ನೋಟೀಸಿನಿಂದ ಮುಳುಗಬಾರದು.

ನಮ್ಮದೇ ಒಂದು ತಪ್ಪನ್ನು ಹೇಳುತ್ತೇವೆ. ಹೋಟೆಲಿನಲ್ಲಿ ದುಡಿಯುವ ನಮ್ಮವರೊಬ್ಬರ ಮಗು ಠಾಣೆಯ ಆಸ್ಪತ್ರೆಯಲ್ಲಿ ಹುಟ್ಟಿತು. ಶಾಲೆಗೆ ಸೇರಿಸುವಾಗ ಜನನದ ದಾಖಲೆ ಬೇಕಾಯಿತು. ಮನೆ ಘಣಸೋಲಿಯಲ್ಲಿದೆ, ದಾಖಲೆಯೂ ಇಲ್ಲೇ ಸಿಕ್ಕೀತೆಂದು ನಾವೇ ಅವರನ್ನು ಕರೆದುಕೊಂಡು ಅಲೆದೆವು. ಮೂರು ದಿನದ ಪಗಾರ ಹೋಯಿತು. 1969ರ ಕಾಯಿದೆಯಂತೆ ಜನನವನ್ನು ಬರೆಸತಕ್ಕದ್ದು ಮನೆಯಿರುವಲ್ಲಿ ಅಲ್ಲ, ಹೆರಿಗೆಯಾದಲ್ಲಿ. ಅದೂ 21 ದಿನಗಳೊಳಗೆ. ದಾರಿ ತೋರಿಸಹೊರಟ ನಮಗೇ ಇದು ತಿಳಿದಿರಲಿಲ್ಲ.

ಗಡಿಯೊಳಗೆ ಇದ್ದರಷ್ಟೇ ಸಾಲದು, ಮತದಾರರ ಪಟ್ಟಿಯೊಳಗೂ ಇರಬೇಕು. ಕೆಲವರ ಹೆಸರು ಇನ್ನೂ ಪರೇಲಿನ ಚಾಳಿನಲ್ಲಿದೆ, ಕೆಲವರದು ಕುಂದಾಪುರದಲ್ಲಿದೆ. ಕುಡಿಯುವ ನೀರು ಮಾತ್ರ ಇಲ್ಲಿಯದು! 2015ರಲ್ಲಿ ಆರಿಸಿದ ನಗರಸೇವಕರ ಅವಧಿ 2020ರಲ್ಲಿ ಮುಗಿದು, ಆಮೇಲೆ ವರ್ಷಗಟ್ಟಲೆ ಆಡಳಿತಗಾರರೇ ಪಾಲಿಕೆ ನಡೆಸಿದರು. ಆಗ ನಲ್ಲಿಯ ದೂರು ಹೊತ್ತು ಯಾರ ಮನೆಗೆ ಹೋಗಬೇಕೆಂದು ತೋಚದೆ ನಿಂತದ್ದು ನಿಮಗೆ ನೆನಪಿರಬಹುದು. ಆರಿಸುವ ಹಕ್ಕಿನ ಬೆಲೆ ಆಗ ತಿಳಿಯಿತು.

ಆದುದರಿಂದ ಒಂದು ಕೆಲಸ ಮಾಡೋಣ. ಮುಂದಿನ ರವಿವಾರ, ಮಧ್ಯಾಹ್ನದ ಬಿಡುವಿನಲ್ಲಿ, ಪ್ರತಿಯೊಬ್ಬರೂ ತಮ್ಮ ತೆರಿಗೆ ಚೀಟಿ ಅಥವಾ ಬಾಡಿಗೆ ಕರಾರು ತನ್ನಿರಿ. ಓದು ಬಲ್ಲ ತರುಣರು ಕುಳಿತು, ಯಾರ ಮನೆ ಯಾವ ವಾರ್ಡು, ಯಾವ ಕೆಲಸಕ್ಕೆ ಯಾವ ಕಛೇರಿ ಎಂದು ಕನ್ನಡದಲ್ಲಿ ಬರೆದು ಕೊಡಲಿ. ಹೆಸರು ಬೇರೆಡೆ ಇದ್ದವರು ಇಲ್ಲಿಗೆ ಬದಲಾಯಿಸಿಕೊಳ್ಳಲಿ. ಈ ಗಡಿಗಳನ್ನು ನಾವು ಎಳೆದಿಲ್ಲ. ಆದರೆ ಅವುಗಳೊಳಗೆ ನಾವು ಬಾಳುತ್ತಿದ್ದೇವೆ, ತಿಳಿದು ಬಾಳೋಣ.