ಕಪಾಟಿನೊಳಗಿನ ಗಣಕ

(ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘದ ವೇದಿಕೆಯೆಂದರೆ ಕವಿಗಳಿಗೂ ಪಂಡಿತರಿಗೂ ಒಪ್ಪುವ ಸ್ಥಳ. ಅಲ್ಲಿಗೆ ಬಿ.ಕಾಂ. ಓದಿ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವರನ್ನು ಕರೆದು ನಿಲ್ಲಿಸಿದ್ದೀರಿ. ನಮಗೆ ತಿಳಿದದ್ದು ಜಮಾ ಮತ್ತು ಖರ್ಚು. ಆದುದರಿಂದ ನಾಡಿನ ಇತಿಹಾಸವನ್ನಾಗಲಿ ಸಾಹಿತ್ಯವನ್ನಾಗಲಿ ಮುಟ್ಟಲು ಹೋಗುವುದಿಲ್ಲ. ಒಂದು ಹಳೆಯ ನೆಟ್‌ಬುಕ್ಕಿಗೂ ಬೆರಳುದ್ದದ ಒಂದು ಡಾಂಗಲ್ಲಿಗೂ ಸಂಬಂಧ ಕೂಡಿಸಿದ ಕಥೆಯನ್ನು ಹೇಳುತ್ತೇವೆ. ಮದುವೆಯ ಸಂಬಂಧ ಕೂಡಿಸುವುದಕ್ಕಿಂತ ಅದು ಕಷ್ಟವಾಯಿತೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ.

ನಾವು ಎಂದರೆ ಮೂವರು. ಡೊಂಬಿವಲಿಯವನೊಬ್ಬ, ಠಾಣೆಯವನೊಬ್ಬ, ನವಿ ಮುಂಬಯಿಯ ಐರೋಲಿಯವನೊಬ್ಬ. ಮೂವರೂ ಬ್ಯಾಂಕಿನ ಗುಮಾಸ್ತರೇ. ಈಗ ಓದುತ್ತಿರುವವನು ಒಬ್ಬನಾದರೂ ತಪ್ಪುಗಳು ಮೂವರಿಗೂ ಸೇರಿದ್ದರಿಂದ ‘ನಾವು’ ಎನ್ನುವುದೇ ನ್ಯಾಯ.

2020ರ ಮಾರ್ಚಿ ತಿಂಗಳಲ್ಲಿ ಲೋಕಲ್ ಗಾಡಿಗಳು ನಿಂತವು. ಜೂನಿನಲ್ಲಿ ಅಗತ್ಯ ಸೇವೆಯವರಿಗೆ ಗಾಡಿ ಬಿಟ್ಟರು. ಜುಲೈಯಿಂದ ರಾಷ್ಟ್ರೀಕೃತ ಬ್ಯಾಂಕಿನವರಿಗೂ ಹತ್ತಲು ಅಪ್ಪಣೆಯಾಯಿತು. ಆ ದಿನಗಳಲ್ಲೇ ಡೊಂಬಿವಲಿಯಲ್ಲಿ ನಮ್ಮ ಪಕ್ಕದ ಚಾಳಿನ ಒಂದು ಕುಟುಂಬದ ಸಂಗತಿ ತಿಳಿಯಿತು. ತಂದೆ ಕುಂದಾಪುರದ ಕಡೆಯವರು, ಹೋಟೆಲಿನಲ್ಲಿ ಕೆಲಸ. ಹೋಟೆಲಿನಲ್ಲಿ ಕೂತು ಉಣ್ಣಲು ಅಕ್ಟೋಬರಿನವರೆಗೆ ಪರವಾನಿಗೆ ಇರಲಿಲ್ಲ, ಪಾರ್ಸೆಲ್ ಮಾತ್ರ. ಪಾರ್ಸೆಲಿನ ಕರೆಗಳೆಲ್ಲ ಅವರ ಫೋನಿಗೇ ಬರುತ್ತಿದ್ದುದರಿಂದ ಮನೆಯ ಏಕಮಾತ್ರ ಫೋನು ಬೆಳಿಗ್ಗೆ ಅವರೊಡನೆ ಹೊರಟರೆ ರಾತ್ರಿಯೇ ಹಿಂದಿರುಗುವುದು. ಮಗಳು ಕನ್ನಡ ಮಾಧ್ಯಮದ ಹತ್ತನೆಯ ತರಗತಿ. ಶಾಲೆಯೋ ಫೋನಿನೊಳಗೆ ಸೇರಿಕೊಂಡಿತ್ತು.

ಆ ತಾಯಿ ನಮ್ಮ ಬಾಗಿಲಿಗೆ ಬಂದು, “ಅಣ್ಣಾ, ಮಗಳು ಹೆಚ್ಚು ಅಂಕ ತರಬೇಕೆಂದು ಕೇಳುವುದಿಲ್ಲ. ಪಟ್ಟಿಯಿಂದ ಅವಳ ಹೆಸರು ಬಿದ್ದುಹೋಗದಿದ್ದರೆ ಸಾಕು” ಎಂದರು. ಕನ್ನಡ ಶಾಲೆಯಿಂದ ಒಂದು ಹೆಸರು ಬಿದ್ದುಹೋಗುವುದೆಂದರೆ ಏನೆಂಬುದನ್ನು ಇಲ್ಲಿ ಕುಳಿತವರಿಗೆ ವಿವರಿಸಬೇಕಾಗಿಲ್ಲ.

ಹೊಸ ಫೋನು ಕೊಡಿಸೋಣವೆಂದರೆ ನಮ್ಮ ಜೇಬೂ ಆಗ ಬಡಕಲಾಗಿತ್ತು. ಕಲ್ಯಾಣದ ಹಿರಿಯರೊಬ್ಬರ ಕಪಾಟಿನಲ್ಲಿ ಹತ್ತು ವರ್ಷದ ಹಿಂದಿನ ನೆಟ್‌ಬುಕ್ ಇತ್ತು. ಹತ್ತಂಗುಲದ ತೆರೆ, ಆಟಮ್ ಎನ್-270 ಸಂಸ್ಕಾರಕ, 1 ಜಿಬಿ ಸ್ಮೃತಿ. ಐರೋಲಿಯ ಮಿತ್ರನ ಮೇಜಿನ ಖಾನೆಯಲ್ಲಿ ಹುವಾವೇ ಇ-173 ಎಂಬ 3ಜಿ ಡಾಂಗಲ್ ಮಲಗಿತ್ತು. ಆಗಿನ್ನೂ 3ಜಿ ನಡೆಸುತ್ತಿದ್ದ ಸಂಸ್ಥೆಯೊಂದರ ಸಿಮ್ಮೂ ಠಾಣೆಯಲ್ಲಿ ಸಿಕ್ಕಿತು. ಹೀಗೆ ನಾಲ್ಕು ಊರುಗಳ ನಾಲ್ಕು ಕಪಾಟುಗಳನ್ನು ಜಾಲಾಡಿ, ಬ್ಯಾಂಕಿಗೆ ಹೋಗುವ ಬರುವ ಗಾಡಿಯಲ್ಲಿ ಊಟದ ಡಬ್ಬಿಯ ಜೊತೆಗೆ ಎಲ್ಲವನ್ನೂ ಸಾಗಿಸಿದೆವು.

ನೆಟ್‌ಬುಕ್ಕಿನಲ್ಲಿ ಇದ್ದದ್ದು ವಿಂಡೋಸ್ ಎಕ್ಸ್‌ಪಿ. ಅದರ ರಕ್ಷಣೆಯನ್ನು ತಯಾರಕರು 2014ರಲ್ಲೇ ನಿಲ್ಲಿಸಿದ್ದರು. ಆದುದರಿಂದ ಡೆಬಿಯನ್ ಲಿನಕ್ಸಿನ 10ನೆಯ ಆವೃತ್ತಿಯನ್ನು ಪೆನ್ ಡ್ರೈವಿನಿಂದ ಹಾಕಿದೆವು. ದುಡ್ಡು ಕೊಡಬೇಕಾಗಿಲ್ಲ, ಹಳೆಯ ಯಂತ್ರವೆಂದು ಮೂಗು ಮುರಿಯುವುದೂ ಇಲ್ಲ. ಒಂದು ಸಂಜೆಯಲ್ಲಿ ಅದು ಮುಗಿಯಿತು. ಆಮೇಲೆ ಡಾಂಗಲ್ ಚುಚ್ಚಿದೆವು. ದೀಪ ಮಿನುಗಿತು, ಜಾಲ ಮಾತ್ರ ಬರಲಿಲ್ಲ. ತೆರೆಯ ಮೇಲೆ ಒಂದು ಸಿ.ಡಿ.ಯ ಚಿತ್ರ ಮೂಡಿತು!

ಇದರ ಗುಟ್ಟನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಬಗೆಯ ಡಾಂಗಲ್ಲು ಮೊದಲು ರಂಗಕ್ಕೆ ಬರುವುದು ಸಿ.ಡಿ.ಯ ವೇಷದಲ್ಲಿ. ವಿಂಡೋಸ್ ಬಳಸುವವರಿಗೆ ಬೇಕಾದ ತಂತ್ರಾಂಶವನ್ನು ತಯಾರಕರು ಅದರ ಹೊಟ್ಟೆಯಲ್ಲೇ ಇಟ್ಟಿರುತ್ತಾರೆ; ಅದು ಒಮ್ಮೆ ನೆಲೆಸಿದ ಮೇಲೆ ಡಾಂಗಲ್ಲು ವೇಷ ಕಳಚಿ ಮೋಡೆಮ್ ಆಗುತ್ತದೆ. ಲಿನಕ್ಸಿನಲ್ಲಿ ಆ ತಂತ್ರಾಂಶ ಓಡದು. ವೇಷ ಕಳಚಲು ಬೇರೊಬ್ಬ ಭಾಗವತರು ಬೇಕು. ಅವರ ಹೆಸರು ‘ಯುಎಸ್‌ಬಿ ಮೋಡ್‌ಸ್ವಿಚ್’. ಜೋಸುವಾ ಡೀಟ್ಸೆ ಎಂಬವರು ಬರೆದು ಲೋಕಕ್ಕೆ ಉಚಿತವಾಗಿ ಕೊಟ್ಟ ಕಿರು ಸಾಧನ. ‘ಸಿ.ಡಿ.ಯನ್ನು ಹೊರಗೆ ತೆಗೆ’ ಎಂಬಂಥ ಒಂದು ಆಜ್ಞೆಯನ್ನು ಅದು ಕಳುಹಿಸುತ್ತದೆ. ಡಾಂಗಲ್ಲು ತನ್ನ ನಿಜರೂಪ ತಾಳುತ್ತದೆ. ‘ಎಲ್‌ಎಸ್‌ಯುಎಸ್‌ಬಿ’ ಎಂಬ ಆದೇಶ ಕೊಟ್ಟು ನೋಡಿದರೆ ಮೊದಲು 12ಡಿ1:1446 ಎಂಬ ಅಂಕಿ ಕಾಣುತ್ತಿತ್ತು. 12ಡಿ1 ತಯಾರಕರ ಗುರುತು, 1446 ವೇಷದ ಗುರುತು. ವೇಷ ಕಳಚಿದಾಗ ಎರಡನೆಯ ಅಂಕಿ ಬದಲಾಗುತ್ತದೆ. ಬದಲಾಗದಿದ್ದರೆ ಮುಂದಿನ ಪ್ರಯತ್ನವೆಲ್ಲ ವ್ಯರ್ಥ.

ಭಾಗವತರು ನಮ್ಮ ಯಂತ್ರದಲ್ಲಿ ಇರಲಿಲ್ಲ. ತರಿಸಬೇಕಾದರೆ ಜಾಲ ಬೇಕು. ಜಾಲ ಬೇಕಾದರೆ ಭಾಗವತರು ಬೇಕು. ಹುಚ್ಚು ಬಿಡದೆ ಮದುವೆಯಿಲ್ಲ, ಮದುವೆಯಾಗದೆ ಹುಚ್ಚು ಬಿಡದು! ಠಾಣೆಯ ಮಿತ್ರ ತನ್ನ ಮನೆಯಲ್ಲಿ ಅದನ್ನು ಇಳಿಸಿ ಪೆನ್ ಡ್ರೈವಿನಲ್ಲಿ ತಂದ. ಯಂತ್ರ ಅದನ್ನು ತಿರಸ್ಕರಿಸಿತು. ಅವನು ತಂದದ್ದು 64 ಬಿಟ್ಟಿನದು, ನಮ್ಮ ನೆಟ್‌ಬುಕ್ 32 ಬಿಟ್ಟಿನದು. ಒಂದು ದಿನ ಹಾಳಾಯಿತು. ಮರುದಿನ ಸರಿಯಾದುದನ್ನು, ಅದರ ಜೊತೆಗೆ ಬೇಕಾದ ಸಣ್ಣಪುಟ್ಟ ಕಟ್ಟುಗಳ ಸಮೇತ ತಂದ. ಡಾಂಗಲ್ ಚುಚ್ಚಿ ಅರ್ಧ ನಿಮಿಷ ಕಾದೆವು. ಅಂಕಿ ಬದಲಾಯಿತು.

ಮುಂದಿನದು ಸುಲಭ. ‘ನೆಟ್‌ವರ್ಕ್ ಮ್ಯಾನೇಜರ್’ ಎಂಬಲ್ಲಿ ಮೊಬೈಲ್ ಬ್ರಾಡ್‌ಬ್ಯಾಂಡ್ ಆರಿಸಿ, ದೇಶ ಭಾರತವೆಂದೂ ಸೇವೆ ಯಾರದೆಂದೂ ಹೇಳಿದರೆ ಎ.ಪಿ.ಎನ್. ಎಂಬ ವಿಳಾಸ ತಾನೇ ತುಂಬಿಕೊಳ್ಳುತ್ತದೆ. ತುಂಬದಿದ್ದರೆ ಕೈಯಿಂದ ಬರೆಯಬೇಕು. ಬಿಎಸ್‌ಎನ್‌ಎಲ್ಲಿಗೆ ‘ಬಿಎಸ್‌ಎನ್‌ಎಲ್‌ನೆಟ್’, ಜಿಯೋಗೆ ‘ಜಿಯೋನೆಟ್’, ಹೀಗೆ. ಸಿಮ್ಮಿನ ಪಿನ್ ಇದ್ದರೆ ಮೊದಲೇ ಫೋನಿನಲ್ಲಿ ಹಾಕಿ ತೆಗೆದುಬಿಡುವುದು ಕ್ಷೇಮ. ಮೂರು ಸಲ ತಪ್ಪಿದರೆ ಸಿಮ್ಮು ಬಾಗಿಲು ಹಾಕಿಕೊಳ್ಳುತ್ತದೆ. ಇನ್ನೊಂದು ಮಾತು: ಚಾಳಿನ ಒಳಕೋಣೆಯಲ್ಲಿ ಸಂಕೇತ ಬರುವುದಿಲ್ಲ. ಯುಎಸ್‌ಬಿ ತಂತಿಯೊಂದನ್ನು ಜೋಡಿಸಿ ಡಾಂಗಲ್ಲನ್ನು ಕಿಟಕಿಯ ಸರಳಿಗೆ ದಾರದಿಂದ ಕಟ್ಟಿದೆವು. ಹಸಿರು ದೀಪ ಹೋಗಿ ನೀಲಿ ಬಂತು. ಹಸಿರೆಂದರೆ 2ಜಿ, ನೀಲಿಯೆಂದರೆ 3ಜಿ.

‘ಸಂಪರ್ಕವಾಯಿತು’ ಎಂದು ತೆರೆ ಹೇಳಿತು. ಹುಡುಗಿ ಚಪ್ಪಾಳೆ ತಟ್ಟಿದಳು. ಆದರೆ ಒಂದು ಪುಟವೂ ತೆರೆಯಲಿಲ್ಲ. ಪ್ರತಿಯೊಂದು ತಾಣವೂ ‘ಸುರಕ್ಷಿತವಲ್ಲ’ ಎಂದು ಬಾಗಿಲಲ್ಲೇ ತಡೆಯಿತು. ರಾತ್ರಿ ಹನ್ನೊಂದರವರೆಗೆ ಡಾಂಗಲ್ಲನ್ನೂ ಸಿಮ್ಮನ್ನೂ ಕಿಟಕಿಯನ್ನೂ ಬೈದೆವು. ಕೊನೆಗೆ ಹುಡುಗಿಯೇ, “ಮಾಮ, ಇದರಲ್ಲಿ ಯಾಕೆ 2009 ಎಂದು ತೋರಿಸುತ್ತಿದೆ?” ಎಂದಳು.

ನಮ್ಮ ಮೂವರ ಬಾಯಿಯೂ ಮುಚ್ಚಿತು. ಒಳಗಿನ ಗುಂಡಿ ಬ್ಯಾಟರಿ ಸತ್ತು, ಗಡಿಯಾರ ಹಿಂದಕ್ಕೆ ಹೋಗಿತ್ತು. ಸುರಕ್ಷಿತ ತಾಣಗಳು ತೋರಿಸುವ ಪ್ರಮಾಣಪತ್ರಕ್ಕೆ ಆರಂಭದ ದಿನವೂ ಮುಗಿಯುವ ದಿನವೂ ಉಂಟು. 2009ರಲ್ಲಿ ನಿಂತು 2020ರ ಪತ್ರವನ್ನು ನೋಡಿದರೆ ಅದು ಮುಂದಿನ ತಾರೀಖಿನ ಚೆಕ್ಕಿನಂತೆ! ದಿನಾ ಕೌಂಟರಿನಲ್ಲಿ ಅಂಥ ಚೆಕ್ಕುಗಳನ್ನು ಹಿಂದಿರುಗಿಸುವ ನಮಗೇ ಅದು ಹೊಳೆಯಲಿಲ್ಲ. ಹತ್ತನೆಯ ತರಗತಿಯ ಹುಡುಗಿಗೆ ಹೊಳೆಯಿತು. ತಾರೀಖು ತಿದ್ದಿದೊಡನೆ ಬಾಗಿಲುಗಳೆಲ್ಲ ತೆರೆದವು.

ಎಲ್ಲವೂ ಸುಸೂತ್ರವಾಯಿತೆಂದು ಹೇಳಿದರೆ ಸುಳ್ಳಾದೀತು. ಮೇಷ್ಟ್ರ ಚಿತ್ರ ಕಂಡರೆ ಧ್ವನಿ ತಡವರಿಸುವುದು, ಧ್ವನಿ ಬಂದರೆ ಚಿತ್ರ ಕಲ್ಲಾಗುವುದು. ಆ ಪುಟ್ಟ ಯಂತ್ರಕ್ಕೆ ಅಷ್ಟು ತ್ರಾಣವಿರಲಿಲ್ಲ. ನಾವು ಲೆಕ್ಕ ಹಾಕಿದೆವು. ಸೆಕೆಂಡಿಗೆ 300 ಕಿಲೋಬಿಟ್ ಹರಿಯುವ ಚಿತ್ರಪಾಠ ಗಂಟೆಗೆ 135 ಮೆಗಾಬೈಟ್ ತಿನ್ನುತ್ತದೆ. 40 ಕಿಲೋಬಿಟ್ಟಿನ ಬರಿಯ ಧ್ವನಿಗೆ 18 ಸಾಕು. ಚಿತ್ರವನ್ನು ಮುಚ್ಚಿ ಪಾಠವನ್ನು ಕೇಳುವುದೆಂದು ತೀರ್ಮಾನವಾಯಿತು. ಪಠ್ಯಪುಸ್ತಕವನ್ನು ಬಾಲಭಾರತಿಯ ತಾಣದಿಂದ ಇಳಿಸಿಕೊಂಡೆವು. ಮಹಾರಾಷ್ಟ್ರದ ಈ ಸಂಸ್ಥೆ ಕನ್ನಡದಲ್ಲೂ ಪಠ್ಯಪುಸ್ತಕ ಪ್ರಕಟಿಸುತ್ತದೆಂಬುದು ನಮ್ಮಲ್ಲಿ ಎಷ್ಟೋ ಮಂದಿಗೆ ತಿಳಿಯದು.

ಉತ್ತರಪತ್ರಿಕೆಯ ಫೋಟೋ ಕಳುಹಿಸೋಣವೆಂದರೆ ನೆಟ್‌ಬುಕ್ಕಿನ ಕ್ಯಾಮರಾದಲ್ಲಿ ಅಕ್ಷರಗಳು ಇರುವೆಗಳಂತೆ ಕಂಡವು. ಹಾಗಾದರೆ ಬೆರಳಚ್ಚೇ ಗತಿ. ಡೆಬಿಯನ್ನಿಗೆ ಲೋಹಿತ್, ಗುಬ್ಬಿ, ನವಿಲು ಎಂಬ ಚೆಂದದ ಹೆಸರಿನ ಕನ್ನಡ ಲಿಪಿಗಳುಂಟು. ಅವನ್ನು ಹಾಕಿ, ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಕೂಡಿಸಿಕೊಟ್ಟೆವು. ಹದಿನೈದು ದಿನಗಳಲ್ಲಿ ಒತ್ತಕ್ಷರಗಳು ಅವಳ ಬೆರಳಿಗೆ ಬಂದವು. ತಾಯಿ ಪಕ್ಕದಲ್ಲಿ ಕುಳಿತು ತೆರೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿ ತಪ್ಪು ತಿದ್ದುತ್ತಿದ್ದರು.

2021ರ ಏಪ್ರಿಲಿನಲ್ಲಿ ಹತ್ತನೆಯ ತರಗತಿಯ ಮಂಡಳಿಯ ಪರೀಕ್ಷೆಯೇ ರದ್ದಾಯಿತು. ಒಂಬತ್ತನೆಯ ತರಗತಿಯ ಅಂಕಗಳ ಜೊತೆಗೆ ವರ್ಷವಿಡೀ ಶಾಲೆ ನಡೆಸಿದ ಒಳಪರೀಕ್ಷೆ, ಮನೆಗೆಲಸಗಳೇ ಲೆಕ್ಕಕ್ಕೆ ಬಂದವು. ಕಿಟಕಿಗೆ ಕಟ್ಟಿದ ಆ ಡಾಂಗಲ್ಲಿನ ಮೂಲಕ ಹೋದ ಉತ್ತರಗಳೆಲ್ಲ ಹೀಗೆ ಜಮಾ ಆದವು. ಜುಲೈಯಲ್ಲಿ ಫಲಿತಾಂಶ ಬಂತು, ಹೆಸರು ಪಟ್ಟಿಯಲ್ಲಿತ್ತು. ಮುಂದೆ ಅವಳು ಕಾಲೇಜಿನಲ್ಲಿ ವಾಣಿಜ್ಯ ವಿಷಯವನ್ನೇ ಆರಿಸಿಕೊಂಡಳು. ಅದಕ್ಕೆ ಮಾತ್ರ ನಾವು ಹೊಣೆಗಾರರಲ್ಲ!

ಈಗ ಅದೇ ಡಾಂಗಲ್ಲು ಸಾಕೆ? ಸಾಲದು. ಏರ್‌ಟೆಲ್ 2020ರಲ್ಲೇ 3ಜಿಯನ್ನು ಮುಚ್ಚಿತು; ಜಿಯೋ ಮೊದಲಿನಿಂದಲೂ 4ಜಿಯೇ. ಇಂದು ಕೂಡಿಸುವವರು 4ಜಿ ಡಾಂಗಲ್ಲನ್ನೇ ಹಿಡಿಯಬೇಕು. ಅವುಗಳಲ್ಲಿ ಹಲವು ಲಿನಕ್ಸಿಗೆ ಸಾಧಾರಣ ನೆಟ್‌ವರ್ಕ್ ಕಾರ್ಡಿನಂತೆಯೇ ಕಾಣುವುದರಿಂದ ನಾವು ಪಟ್ಟ ಪಾಡು ಬಹುತೇಕ ತಪ್ಪುತ್ತದೆ. 32 ಬಿಟ್ಟಿನ ಯಂತ್ರಕ್ಕೆ ಡೆಬಿಯನ್ 12 ಹಾಕಬಹುದು. 2025ರಲ್ಲಿ ಬಂದ 13ನೆಯ ಆವೃತ್ತಿ ಅಂಥ ಯಂತ್ರದ ಮೇಲೆ ನೆಲೆಸುವುದಿಲ್ಲ. ಗಡಿಯಾರವನ್ನು ಮಾತ್ರ ಎಲ್ಲಕ್ಕಿಂತ ಮೊದಲು ನೋಡಿರಿ.

ನಮ್ಮ ಜಮಾಖರ್ಚಿನಲ್ಲಿ ಇದಕ್ಕೆ ಆದ ವೆಚ್ಚ ಒಂದು ತಂತಿ, ಒಂದು ಗುಂಡಿ ಬ್ಯಾಟರಿ, ತಿಂಗಳಿಗೊಂದು ರೀಚಾರ್ಜು. ನಿಮ್ಮ ಕಪಾಟುಗಳಲ್ಲೂ ಇಂಥ ಗಣಕಗಳು ಧೂಳು ತಿನ್ನುತ್ತಿರಬಹುದು. ಗುಜರಿಯವನಿಗೆ ಕೊಡುವ ಮೊದಲು ಸಂಘಕ್ಕೆ ತಂದು ಒಪ್ಪಿಸಿರಿ. ನಾವು ಮೂವರೂ ಭಾನುವಾರ ಬೆಳಿಗ್ಗೆ ಇಲ್ಲೇ ಇರುತ್ತೇವೆ. ತಪ್ಪು ಮಾಡಿದರೆ ತಿದ್ದಲು ಈಗ ನಾಲ್ಕನೆಯವಳೂ ಬರುತ್ತಾಳೆ.