ಕೊಲೆಯ ಕಥೆಯೂ ಬೇಕು, ಕೂಸಿನ ಕಥೆಯೂ ಬೇಕು

(ಬೆಂಗಳೂರಿನಲ್ಲಿ ದುಡಿಯುತ್ತಿರುವ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಯುವಕ-ಯುವತಿಯರ ಮುಂದೆ ಆಡಿದ ಮಾತುಗಳ ಬರಹರೂಪ)



ವೇದಿಕೆ ಮೇಲಿನ ಗಣ್ಯರು, ಎದುರಿಗಿರುವ ಬಂಧುಗಳು ಎಂದು ಶುರು ಮಾಡಿದರೆ ಅದರಲ್ಲೇ ಹತ್ತು ನಿಮಿಷ ಹೋಗುತ್ತದೆ. ಅದು ಬೇಡ. ನೇರವಾಗಿ ಒಂದು ಪ್ರಶ್ನೆ ಕೇಳುತ್ತೇನೆ. ನೀವು ಕೊನೆಯ ಸಲ ಒಂದು ಕನ್ನಡ ಪುಸ್ತಕವನ್ನು ಮೊದಲ ಪುಟದಿಂದ ಕಡೆಯ ಪುಟದವರೆಗೆ ಓದಿದ್ದು ಯಾವಾಗ? ಪರೀಕ್ಷೆಗೆ ಓದಿದ್ದು ಲೆಕ್ಕಕ್ಕಿಲ್ಲ.

ಯಾರೂ ಕೈ ಎತ್ತುತ್ತಿಲ್ಲ. ಇಲ್ಲ, ಹಿಂದೆ ಮೂವರು ಎತ್ತಿದ್ದಾರೆ. ಸಂತೋಷ. ಉಳಿದವರು ತಲೆ ತಗ್ಗಿಸಬೇಕಾಗಿಲ್ಲ. ನವೆಂಬರ್ ಬಂದರೆ ನಿಮ್ಮ ಹೆಗಲ ಮೇಲೆ ಹಳದಿ-ಕೆಂಪು ಶಾಲು ಇರುತ್ತದೆ, ಬೈಕಿನ ಮುಂದೆ ಬಾವುಟ ಹಾರುತ್ತದೆ. ಅಂಗಡಿಯ ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ಒಳಗೆ ನುಗ್ಗಿ ಕೇಳುತ್ತೀರಿ. ಕೇಳಬೇಕು, ತಪ್ಪೇನಿಲ್ಲ. ಆದರೆ ಆ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರು ಏನು ಬರೆಯುತ್ತಿದ್ದರು, ಗೊತ್ತೆ? ಪತ್ತೇದಾರಿ ಕಾದಂಬರಿ! ೧೯೬೭ರಲ್ಲಿ ಬಾವಿ ತೋಡುವಾಗ ಮಣ್ಣು ಕುಸಿದು ಇಬ್ಬರು ಮಕ್ಕಳ ಜೊತೆ ತೀರಿಕೊಂಡ ಆ ಹೋರಾಟಗಾರ, ಬೀದಿಯಲ್ಲಿ ಕನ್ನಡಕ್ಕಾಗಿ ಕೂಗಿದಂತೆಯೇ ಮನೆಯಲ್ಲಿ ಕೂತು ಜನ ನಿದ್ದೆಗೆಟ್ಟು ಓದುವಂಥ ಕಥೆಗಳನ್ನೂ ಬರೆದರು. ಕೂಗುವುದೂ ಓದಿಸುವುದೂ ಅವರಿಗೆ ಒಂದೇ ಕೆಲಸದ ಎರಡು ಕೈ. ನಮಗೆ ಒಂದು ಕೈ ಮಾತ್ರ ಉಳಿದಿದೆ.

ಈಗ ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ನಾನು ಸಾಗರದಲ್ಲಿ ಬಹಳ ವರ್ಷ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ನಡೆಸಿದವನು. ದಿನಕ್ಕೆ ನಾಲ್ಕಾಣೆ ಬಾಡಿಗೆ. ಬಾಡಿಗೆಗೆ ಹೋಗುತ್ತಿದ್ದ ಪುಸ್ತಕಗಳೆಲ್ಲ ಮುಕ್ಕಾಲು ಪಾಲು ಕೊಲೆ, ದರೋಡೆ, ಪತ್ತೇದಾರಿ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಗೆ ಹಾಳೆ ಹರಿದು, ರಟ್ಟು ಕಿತ್ತು, ಗೋಂದು ಹಚ್ಚಿ ಹಚ್ಚಿ ನನ್ನ ಬೆರಳು ಅಂಟಾಗುತ್ತಿತ್ತು. ಆದರೆ ನಾನು ಹೆಗ್ಗೋಡಿನ ನೀನಾಸಮ್‌ಗೆ ನಾಟಕ ನೋಡಲು ಹೋಗಿಬಂದವನಲ್ಲವೆ? ಬುದ್ಧಿವಂತಿಕೆಯ ಜಂಬ ತಲೆಗೇರಿತ್ತು. ಒಳ್ಳೆಯ ಸಾಹಿತ್ಯವನ್ನು ಎದುರಿನ ಕಪಾಟಿನಲ್ಲಿಟ್ಟು ಪತ್ತೇದಾರಿಯನ್ನು ಹಿಂದಿನ ಕತ್ತಲೆ ಮೂಲೆಗೆ ತಳ್ಳಿದ್ದೆ.

ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವವರೊಬ್ಬರ ಮಗ, ಹದಿಮೂರು ಹದಿನಾಲ್ಕರ ಹುಡುಗ, ದಿನಾ ಸಂಜೆ ಬರುತ್ತಿದ್ದ. ದಿನಕ್ಕೊಂದು ನರಸಿಂಹಯ್ಯ. ಒಂದು ದಿನ ನಾನು ಅವನ ಕೈಯಿಂದ ಪುಸ್ತಕ ಕಿತ್ತುಕೊಂಡು, "ಇದೆಂತ ಓದ್ತೀಯ ಮಾರಾಯ, ಇದನ್ನ ಓದು" ಎಂದು 'ಮಲೆಗಳಲ್ಲಿ ಮದುಮಗಳು' ಕೊಟ್ಟೆ. ಅಷ್ಟು ದಪ್ಪದ ಪುಸ್ತಕ! ಅವನು ತೂಕ ನೋಡಿದ, ನನ್ನ ಮುಖ ನೋಡಿದ, ಮಾತಾಡದೆ ತೆಗೆದುಕೊಂಡು ಹೋದ. ನಾಲ್ಕು ದಿನ ಬಿಟ್ಟು ಅವನ ತಂಗಿ ಬಂದು ಪುಸ್ತಕ ವಾಪಸು ಕೊಟ್ಟಳು. ಅವನು ಮತ್ತೆ ಬರಲಿಲ್ಲ.

ಎಷ್ಟೋ ವರ್ಷದ ಮೇಲೆ ಇದೇ ಬೆಂಗಳೂರಿನಲ್ಲಿ ಸಿಕ್ಕಿದ. ಆಟೋ ಓಡಿಸುತ್ತಿದ್ದ. ಅವನೇ ಗುರುತು ಹಿಡಿದ. "ಆಮೇಲೆ ಪುಸ್ತಕ ಮುಟ್ಟಿಲ್ಲ ಸಾರ್" ಎಂದು ನಗುತ್ತಲೇ ಹೇಳಿದ. ಬಾಡಿಗೆಯನ್ನೂ ತೆಗೆದುಕೊಳ್ಳಲಿಲ್ಲ. ಕನ್ನಡದ ಒಬ್ಬ ಓದುಗನನ್ನು ಕೊಂದದ್ದು ಇಂಗ್ಲಿಷೂ ಅಲ್ಲ, ಟಿ.ವಿ.ಯೂ ಅಲ್ಲ. ನಾನು. ಆದ್ದರಿಂದ ಇವತ್ತು ಪುಸ್ತಕ ಹೇಳಿ ಎಂದು ನೀವು ಕರೆದಾಗ, ಆ ಹಿಂದಿನ ಕತ್ತಲೆ ಮೂಲೆಯಿಂದಲೇ ಶುರು ಮಾಡಬೇಕೆಂದು ನಿರ್ಧರಿಸಿ ಬಂದೆ.

ನರಸಿಂಹಯ್ಯ ಶಾಲೆಯಲ್ಲಿ ಹೆಚ್ಚು ಕಲಿತವರಲ್ಲ. ಆದರೂ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅವು ಮಹಾಕೃತಿಗಳೆಂದು ನಾನು ಹೇಳುವುದಿಲ್ಲ. ಎರಡು ಓದಿದರೆ ಮೂರನೆಯದರ ಕೊಲೆಗಾರ ಯಾರೆಂದು ನಿಮಗೇ ಹೊಳೆಯುತ್ತದೆ. ಆದರೆ ಓದುವುದೇ ಬಾರದ ಮನೆಗಳಿಗೆ ಅವು ಓದು ತಂದವು. ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮೆಟ್ಟುಗತ್ತಿ ಹಿಡಿದು ಹತ್ತು ಹದಿನೈದು ಜನ ಕೂತಿರುವಾಗ, ಲಾಟೀನಿನ ಪಕ್ಕ ಕೂತು ಗಟ್ಟಿಯಾಗಿ ಓದುವ ಕೆಲಸ ನನ್ನದು. ಕೊಲೆ ನಡೆಯುವ ಜಾಗ ಬಂದರೆ ಕತ್ತಿ ನಿಲ್ಲುತ್ತಿತ್ತು. ಅಕ್ಷರ ಬಾರದ ಹೆಂಗಸರು "ಮುಂದೆ ಓದಾ ಮಾಣಿ" ಎಂದು ಗದರುತ್ತಿದ್ದರು. ನಾನು ಓದು ಕಲಿತದ್ದು ಅಲ್ಲಿ, ಶಾಲೆಯಲ್ಲಲ್ಲ. ಅದನ್ನು ಮರೆತು ಕಪಾಟಿನ ಯಜಮಾನನಾದೆ ನೋಡಿ!

ಹಳೆ ಪುಸ್ತಕದ ಅಂಗಡಿಗಳಲ್ಲಿ ನರಸಿಂಹಯ್ಯ, ಜಿಂದೆ ನಂಜುಂಡಸ್ವಾಮಿ, ಟಿ.ಕೆ. ರಾಮರಾವ್ ಸಿಕ್ಕರೆ ಬಿಡಬೇಡಿ. ಟಿ.ಕೆ. ರಾಮರಾಯರೆಂದರೆ 'ಬಂಗಾರದ ಮನುಷ್ಯ' ಬರೆದವರು. ೧೯೭೨ರಲ್ಲಿ ರಾಜ್‌ಕುಮಾರ್ ಸಿನಿಮಾ ಆದದ್ದು ಅದೇ. ಅಪರಾಧದ ಕಥೆ ಬರೆಯುವ ಕೈಯೇ ರೈತನ ಕಥೆಯನ್ನೂ ಬರೆಯಿತು.

ಅಲ್ಲಿಂದ ಒಂದು ಮೆಟ್ಟಿಲು ಮೇಲೆ ಬನ್ನಿ. ತೀರ್ಥಹಳ್ಳಿಯವರು ಕುಪ್ಪಳಿ ಎಂದರೆ ಎದೆ ಉಬ್ಬಿಸುತ್ತೀರಿ. ಕವಿಶೈಲದಲ್ಲಿ ಫೋಟೋ ತೆಗೆಸಿಕೊಳ್ಳುತ್ತೀರಿ. ಆ ಮನೆಯ ಮಗ ಪೂರ್ಣಚಂದ್ರ ತೇಜಸ್ವಿ ಪತ್ತೇದಾರಿ ಕಾದಂಬರಿಯನ್ನು ಕೀಳೆಂದು ತಿಳಿಯಲಿಲ್ಲ. ಅದರ ಎಲುಬನ್ನೇ ತೆಗೆದುಕೊಂಡು ಬೇರೆ ಮೈ ಕಟ್ಟಿದರು. 'ಚಿದಂಬರ ರಹಸ್ಯ' ತೆರೆದರೆ ಏಲಕ್ಕಿ ಸಂಶೋಧನೆ ಮಾಡುತ್ತಿದ್ದ ಜೋಗಿಹಾಳರ ನಿಗೂಢ ಸಾವು, ಅದರ ಪತ್ತೆಗೆ ಬರುವ ಅಧಿಕಾರಿ. ಕೊಲೆಗಾರ ಯಾರೆಂದು ಹುಡುಕುತ್ತಾ ಹೋದವರ ಕೈಗೆ ಸಿಗುವುದು ಇಡೀ ಊರಿನ ಕೊಳೆ: ಜಾತಿ, ಮತ, ಕಾಡುಗಳ್ಳತನ. ೧೯೮೭ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಇದಕ್ಕೆ! 'ಜುಗಾರಿ ಕ್ರಾಸ್' ಇನ್ನೂ ವೇಗ. ಏಲಕ್ಕಿ ಬೆಳೆಗಾರ ದಂಪತಿ ಸುರೇಶ, ಗೌರಿ ಕಳ್ಳಸಾಗಣೆಯ ಜಾಲಕ್ಕೆ ಸಿಕ್ಕಿಬೀಳುವ ಆ ಕಥೆಯನ್ನು ಊರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಶುರು ಮಾಡಿದರೆ ಶಿವಮೊಗ್ಗ ಬಂದದ್ದು ಗೊತ್ತಾಗುವುದಿಲ್ಲ. ಪ್ರದೀಪ ಕೆಂಜಿಗೆಯವರ ಜೊತೆ ಅನುವಾದಿಸಿದ 'ಪ್ಯಾಪಿಲಾನ್' ಇದೆ, ಸೈಬೀರಿಯಾದ ಸೆರೆಯಿಂದ ತಪ್ಪಿಸಿಕೊಂಡವರ 'ಮಹಾಪಲಾಯನ' ಇದೆ. ಇಂಗ್ಲಿಷಿನಲ್ಲಿ ಮಾತ್ರ ಥ್ರಿಲ್ಲರ್ ಇದೆ ಎನ್ನುವವನ ಕೈಗೆ ಈ ನಾಲ್ಕನ್ನು ಕೊಟ್ಟು ಸುಮ್ಮನಿರಿ.

ಹೊಸನಗರದವರು ನಮ್ಮ ತಾಲ್ಲೂಕಿನದೇನು ಎಂದು ಕೇಳುತ್ತೀರಿ. ನಗರದ ಕೋಟೆ ನಿಮ್ಮದಲ್ಲವೆ? ಬಿದನೂರು ನಿಮ್ಮದಲ್ಲವೆ? ಅರಮನೆಯಲ್ಲಿ ರಾಣಿ ವೀರಮ್ಮಾಜಿ. ಕೊಲೆಯಾದನೆಂದು ಎಲ್ಲರೂ ನಂಬಿದ್ದ ಎಳೆಯ ನಾಯಕ. "ಅವನೇ ನಾನು" ಎನ್ನುತ್ತಾ ಹೈದರಾಲಿಯ ಬಳಿ ಹೋದ ಹುಡುಗ. ೧೭೬೩ರಲ್ಲಿ ಹೈದರ್ ಬಂದು ಊರನ್ನೇ ನುಂಗಿದ. ಇದಕ್ಕಿಂತ ಕರಾಳ ಅಪರಾಧದ ಕಥೆಯನ್ನು ಯಾವ ದೇಶದಿಂದ ಆಮದು ಮಾಡಿಕೊಳ್ಳಬೇಕು? ಆ ಕೊನೆಗಾಲವನ್ನು ಮಾಸ್ತಿಯವರು 'ಚೆನ್ನಬಸವನಾಯಕ' ಕಾದಂಬರಿ ಮಾಡಿದ್ದಾರೆ. ಮಾಸ್ತಿ ಎಂದರೆ ತಣ್ಣನೆಯ ಅಜ್ಜ ಎಂದುಕೊಂಡವರು ಓದಿ ನೋಡಿ. ಓದಿದ ಮೇಲೆ ಕೋಟೆಗೆ ಹೋಗಿ.

ಕೊಲೆಗಾರನ ಹೆಸರೇ ಇಲ್ಲದ ಅಪರಾಧಗಳೂ ಇವೆ. ಇಲ್ಲಿ ನಿಮ್ಮ ಫ್ಯಾನು ತಿರುಗಿಸುವ ಕರೆಂಟಿನಲ್ಲಿ ಶರಾವತಿಯ ಪಾಲೂ ಇದೆ. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರುಗಳು ಮುಳುಗಿದವು, ತೋಟಗಳು ಮುಳುಗಿದವು. ತುಮರಿ ಕಡೆಯ ಜನ ಪೇಟೆಗೆ ಬರಲು ಲಾಂಚ್ ಕಾಯುತ್ತಾ ಅರವತ್ತು ವರ್ಷ ಕಳೆದರು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಸಿಕ್ಕಿದ್ದು ೨೦೨೫ರ ಜುಲೈಯಲ್ಲಿ. ಈ ಮುಳುಗಡೆಯನ್ನು ಕಣ್ಣಾರೆ ಕಂಡವರು ಸಾಗರದ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಅಣೆಕಟ್ಟಿನಿಂದ ಬೀದಿಗೆ ಬಿದ್ದವರ ಕಥೆ ಬರೆದರು. ಅವರ 'ದ್ವೀಪ' ಓದಿ. ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಗಿರೀಶ್ ಕಾಸರವಳ್ಳಿ ೨೦೦೨ರಲ್ಲಿ ಮಾಡಿದ ಸಿನಿಮಾ ನೋಡಿದ್ದರೂ ಓದಿ. ನೀರು ಇಂಚಿಂಚಾಗಿ ಏರುವುದಕ್ಕಿಂತ ಭಯಾನಕ ಯಾವ ಪತ್ತೇದಾರಿಯಲ್ಲೂ ಇಲ್ಲ. ೨೦೨೫ರ ಜನವರಿಯಲ್ಲಿ ಡಿಸೋಜ ತೀರಿಕೊಂಡರು, ಸೇತುವೆ ನೋಡಲಿಲ್ಲ. ಗಜಾನನ ಶರ್ಮರ 'ಪುನರ್ವಸು' ಕೂಡ ಇದೇ ಶರಾವತಿ ಕಣಿವೆಯದು. ದಪ್ಪ ಪುಸ್ತಕ, ಆದರೆ ಈಗ ನಾನು ಯಾರ ಕೈಗೂ ತುರುಕುವುದಿಲ್ಲ. ನಿಮಗೇ ಬೇಕೆನಿಸಿದಾಗ ತೆಗೆದುಕೊಳ್ಳಿ.

ವಿವೇಕ ಶಾನಭಾಗರ 'ಘಾಚರ್ ಘೋಚರ್' ಸಣ್ಣದು, ಒಂದು ಸಂಜೆಗೆ ಮುಗಿಯುತ್ತದೆ. ಬೆಂಗಳೂರಿನ ಒಂದು ಮನೆಗೆ ದಿಢೀರನೆ ದುಡ್ಡು ಬಂದರೆ ಏನೇನಾಗುತ್ತದೆ ಎಂಬ ಕಥೆ. ಕೊನೆಯ ಪುಟ ಮುಚ್ಚಿದ ಮೇಲೆ ಬೆನ್ನುಹುರಿ ತಣ್ಣಗಾಗದಿದ್ದರೆ ನನ್ನನ್ನು ಕೇಳಿ. ಇಂಗ್ಲಿಷಿಗೆ ಹೋಗಿ ಜಗತ್ತೆಲ್ಲ ಹೊಗಳಿದ ಮೇಲೆ ನಮ್ಮವರಲ್ಲಿ ಹಲವರು ಅದನ್ನು ಇಂಗ್ಲಿಷಿನಲ್ಲಿ ಓದಿದರು! ಮೂಲ ಕನ್ನಡದ ಪುಸ್ತಕ ಪ್ರಕಟವಾದದ್ದು ಎಲ್ಲಿಂದ? ಹೆಗ್ಗೋಡಿನ ಅಕ್ಷರ ಪ್ರಕಾಶನದಿಂದ. ಕೆ.ವಿ. ಸುಬ್ಬಣ್ಣ ಅಡಿಕೆ ತೋಟದ ನಡುವೆ ಕಟ್ಟಿದ ಪ್ರಕಾಶನ ಅದು.

ಇಷ್ಟಾಯಿತು, ಕೂಸುಗಳ ಮಾತಿಗೆ ಬರೋಣ. ಇಲ್ಲಿ ನನಗೆ ಗಂಟಲು ಕಟ್ಟುತ್ತದೆ.

ನನ್ನ ಮೊಮ್ಮಗಳಿಗೆ ಐದು ವರ್ಷ. ಇದೇ ಊರಲ್ಲಿದ್ದಾಳೆ. ಹೋದ ಬೇಸಿಗೆಯಲ್ಲಿ ಸಾಗರಕ್ಕೆ ಬಂದಿದ್ದಳು. ಅವಳ ಅಜ್ಜಿ ರಾತ್ರಿ ಕಥೆ ಹೇಳಲು ಕೂತಳು. ಎರಡು ನಿಮಿಷ ಕೇಳಿ ಕೂಸು ಅಮ್ಮನ ಕಡೆ ತಿರುಗಿ, "ಅಜ್ಜಿ ಏನು ಹೇಳ್ತಿದಾಳೆ, ಇಂಗ್ಲಿಷಲ್ಲಿ ಹೇಳು" ಎಂದಿತು. ಅಜ್ಜಿ ಏನೂ ಅನ್ನಲಿಲ್ಲ. ಎದ್ದು ಹಾಲಿಗೆ ಹೆಪ್ಪು ಹಾಕಲು ಹೋದಳು. ಹೆಪ್ಪು ಹಾಕಲು ಅಷ್ಟು ಹೊತ್ತು ಬೇಕಾಗುವುದಿಲ್ಲ ಎಂದು ನನಗೆ ಗೊತ್ತು.

ಶಾಲೆಯ ಮಾಧ್ಯಮದ ಜಗಳ ನಿಮಗೆ ಗೊತ್ತೇ ಇದೆ. ಮಾತೃಭಾಷೆಯಲ್ಲೇ ಕಲಿಸಬೇಕೆಂದು ಸರ್ಕಾರ ಒತ್ತಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು ೨೦೧೪ರ ಮೇ ೬ರಂದು ತೀರ್ಪು ಕೊಟ್ಟಿತು. ಆ ಹೋರಾಟ ನಡೆಯುತ್ತಿರಲಿ. ಆದರೆ ನಿಮ್ಮ ಮನೆಯ ಹಾಸಿಗೆಯ ಮೇಲೆ ರಾತ್ರಿ ಎಂಟೂವರೆಗೆ ಯಾವ ಕೋರ್ಟು ಬರುತ್ತದೆ? ಅಲ್ಲಿ ನೀವೇ ಸರ್ಕಾರ. ಹದಿನೈದು ನಿಮಿಷ ಸಾಕು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೆರಳಿಟ್ಟು, ಗಟ್ಟಿಯಾಗಿ ಓದಿ. ಅ ಆ ಇ ಈ ತಿದ್ದಿಸುವ ಅವಸರ ಬೇಡ. ಮೊದಲು ಕಿವಿಗೆ ಕನ್ನಡ ಬೀಳಲಿ, ಪ್ರಾಸ ಬೀಳಲಿ, ನಗು ಬರಲಿ. ಕಿವಿಯಲ್ಲಿ ಇಲ್ಲದ ಪದವನ್ನು ಕಣ್ಣು ಹೇಗೆ ಗುರುತಿಸುತ್ತದೆ? ಒಂದೇ ಪುಸ್ತಕವನ್ನು ಇಪ್ಪತ್ತು ಸಲ ಓದಿಸುತ್ತವೆ. ನಿಮಗೆ ಬೇಜಾರಾಗುತ್ತದೆ, ಅವಕ್ಕೆ ಆಗುವುದಿಲ್ಲ. ಕೂಸು ಬಾಯಿಪಾಠ ಮಾಡಿ ಓದಿದಂತೆ ನಟಿಸುತ್ತದಲ್ಲ, ಅದು ಮೋಸವಲ್ಲ. ಓದಿನ ಮೊದಲ ಪಾಠವೇ ಅದು.

ಮೂರು ನಾಲ್ಕು ವರ್ಷದ ಕೂಸಿಗೆ ಜಿ.ಪಿ. ರಾಜರತ್ನಂ ಅವರ 'ತುತ್ತೂರಿ', ಪಂಜೆ ಮಂಗೇಶರಾಯರ ಪದ್ಯಗಳು. ಇವಕ್ಕಿಂತ ಒಳ್ಳೆಯ ಆರಂಭ ಇಲ್ಲ. ಚಿತ್ರ ಬೇಕೆಂದರೆ ಪ್ರಥಮ್ ಬುಕ್ಸ್‌ನವರ ಕನ್ನಡ ಪುಸ್ತಕಗಳಿವೆ, ಬೆಲೆಯೂ ಕಡಿಮೆ. ಅನುವಾದ ಕೆಲವದರಲ್ಲಿ ಒರಟು. ಓದುವಾಗ ನಿಮ್ಮ ಮನೆಮಾತಿಗೆ ತಿರುಗಿಸಿಕೊಳ್ಳಿ. ಹವಿಗನ್ನಡವೋ, ದೀವರ ಮಾತೋ, ಒಕ್ಕಲಿಗರ ಮನೆಯ ಮಾತೋ, ನಾಚಿಕೆ ಏನು?

ಐದು ದಾಟಿದ ಮೇಲೆ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'. ಬ್ರೌನಿಂಗ್ ಕವಿಯ ಜರ್ಮನ್ ಊರಿನ ಕಥೆಯನ್ನು ಕಿತ್ತು ತಂದು ನಮ್ಮ ತುಂಗೆಯ ದಡದಲ್ಲಿ ನೆಟ್ಟದ್ದು. ನಮ್ಮ ಮಕ್ಕಳು ಮೊದಲು ಕೇಳುವ ಕರಾಳ ಕಥೆಯೂ ಇದೇ ಎಂದು ನಿಮಗೆ ಹೊಳೆದಿದೆಯೆ? ಹೇಳಿದ ಕೂಲಿ ಕೊಡದೆ ಊರಿನ ದೊಡ್ಡವರು ಮೋಸ ಮಾಡುತ್ತಾರೆ. ಅದಕ್ಕೆ ದಂಡ ತೆರುವವರು ಮಕ್ಕಳು. ಕೆಲವು ತಾಯಂದಿರು ಕೇಳುತ್ತಾರೆ, ಮಗು ಹೆದರುವುದಿಲ್ಲವೆ ಎಂದು. ಸ್ವಲ್ಪ ಹೆದರಲಿ. ಅಪ್ಪನ ತೊಡೆಯ ಮೇಲೆ ಕೂತು ಹೆದರುವುದಕ್ಕಿಂತ ಸುರಕ್ಷಿತ ಜಾಗ ಯಾವುದಿದೆ?

ತಾನೇ ಓದುವ ವಯಸ್ಸಿನ ಮಕ್ಕಳಿಗೆ ತೇಜಸ್ವಿಯವರ 'ಪರಿಸರದ ಕತೆ', ಡಿಸೋಜರ 'ಮುಳುಗಡೆಯ ಊರಿಗೆ ಬಂದವರು'. ಎರಡನೆಯದಕ್ಕೆ ೨೦೧೧ರಲ್ಲಿ ಕೇಂದ್ರ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. ನಮ್ಮ ನೀರಿನ ಕೆಳಗಿನ ಊರು ಯಾವುದೆಂದು ಬೆಂಗಳೂರಿನ ಮಗುವಿಗೆ ಗೊತ್ತಾಗಲು ಅದಕ್ಕಿಂತ ದಾರಿಯಿಲ್ಲ. ನೀವು, ಅಪ್ಪ-ಅಮ್ಮ ಆಗಿರುವವರು, ಆಗಲಿರುವವರು, ಜಪಾನಿನ 'ತೊತ್ತೋಚಾನ್' ಕನ್ನಡದಲ್ಲಿದೆ, ಓದಿ. ಗುಜರಾತಿನ ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ' ಹುಡುಕಿ ಓದಿ. ಕಥೆ ಹೇಳಿ ಹೇಳಿಯೇ ತರಗತಿಯನ್ನು ಗೆದ್ದ ಮೇಷ್ಟರ ಕಥೆ ಅದು. ಆಮೇಲೆ ಫೀಸು ಕಟ್ಟಲು ಹೋದಾಗ ಶಾಲೆಯವರನ್ನು ಏನು ಕೇಳಬೇಕೆಂದು ನಿಮಗೇ ತಿಳಿಯುತ್ತದೆ.

ದುಡ್ಡಿಲ್ಲ ಎನ್ನಬೇಡಿ. ಕರ್ನಾಟಕದಲ್ಲಿ ೧೯೬೫ರ ಗ್ರಂಥಾಲಯ ಕಾಯಿದೆ ಇದೆ. ಆಸ್ತಿ ತೆರಿಗೆಯ ಜೊತೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ವಸೂಲಾಗುತ್ತದೆ. ನಿಮ್ಮ ಮನೆ ಮಾಲೀಕ ಕಟ್ಟುತ್ತಾನೆ, ಬಾಡಿಗೆಯಲ್ಲಿ ಅದನ್ನು ನಿಮ್ಮಿಂದ ವಸೂಲು ಮಾಡುತ್ತಾನೆ. ಹಾಗಾದರೆ ನಿಮ್ಮ ಬಡಾವಣೆಯ ಗ್ರಂಥಾಲಯ ಎಲ್ಲಿದೆ? ಮಕ್ಕಳ ಕಪಾಟು ಇದೆಯೆ? ಅದಕ್ಕೆ ಬೀಗ ಇದೆಯೆ? ಬೋರ್ಡಿಗೆ ನುಗ್ಗಿದ ಹಾಗೆ ಒಂದು ಸಲ ಅಲ್ಲಿಗೂ ಹೋಗಿ. ಮೆತ್ತಗೆ ಕೇಳಿ, ಬೀಗ ತೆಗೆಯದಿದ್ದರೆ ಗಟ್ಟಿಯಾಗಿ ಕೇಳಿ.

ಮಾತು ಉದ್ದವಾಯಿತು. ಬಾಗಿಲ ಹತ್ತಿರ ಎರಡು ಗೋಣಿಚೀಲ ಇದೆ, ನೋಡಿ. ನನ್ನ ಹಳೆ ಲೈಬ್ರರಿಯದು. ಒಂದರಲ್ಲಿ ಕೊಲೆ, ಇನ್ನೊಂದರಲ್ಲಿ ಕೂಸು. ಹೆಸರು ಬರೆದಿಟ್ಟು ಒಂದೊಂದು ತೆಗೆದುಕೊಂಡು ಹೋಗಿ, ಬಾಡಿಗೆ ಇಲ್ಲ. ಆಟೋ ಓಡಿಸುವ ಆ ನನ್ನ ಹುಡುಗನನ್ನೂ ಇವತ್ತು ಕರೆದಿದ್ದೆ. ಹಿಂದೆ ಕೈ ಎತ್ತಿದ ಮೂವರಲ್ಲಿ ಅವನಿಲ್ಲ, ಆದರೆ ಬಂದಿದ್ದಾನೆ, ಕಂಬದ ಪಕ್ಕ ನಿಂತಿದ್ದಾನೆ. ಪುರುಷೋತ್ತಮನ ಒಂದು ಪುಸ್ತಕವನ್ನು ಗೋಂದು ಹಚ್ಚಿ ಬೇರೆ ಇಟ್ಟಿದ್ದೇನೆ. ಅದು ಅವನಿಗೆ, ಅದನ್ನು ಮಾತ್ರ ಯಾರೂ ಮುಟ್ಟಬೇಡಿ.